ಶನಿವಾರ ಜೀವವಿಕಾಸ, ಭಾನುವಾರ ಆದಿಕಾಂಡ: ಆ ಹುಡುಗನಿಗೆ ಏನು ಹೇಳಲಿ?

ಜೀವಶಾಸ್ತ್ರ ಟೀಚರ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಅದಕ್ಕೂ ಮೊದಲಿನಿಂದ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಎರಡೂ ನನಗೆ ಪ್ರಾಣ.

ಕಳೆದ ತಿಂಗಳು ಒಂದು ಶನಿವಾರ ದ್ವಿತೀಯ ಪಿಯುಸಿಗೆ ಜೀವವಿಕಾಸದ ಅಧ್ಯಾಯ ಮುಗಿಸಿದೆ. ಮರುದಿನ ಯೌವನಸ್ಥರ ತರಗತಿಯಲ್ಲಿ, ದೇವರು ಲೋಕವನ್ನು ಸೃಷ್ಟಿಸಿದ ಕಥೆ ಹೇಳುವ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯ. ಒಬ್ಬ ಹುಡುಗ ಎರಡೂ ಕಡೆ ನನ್ನ ಮುಂದೆಯೇ ಕೂರುತ್ತಾನೆ. ಪಾಠ ಮುಗಿದ ಮೇಲೆ ಎದ್ದು ನಿಂತು ಕೇಳಿದ: “ಮಿಸ್, ನಿನ್ನೆ ಹೇಳಿದ್ದು ಸುಳ್ಳೋ, ಇವತ್ತು ಹೇಳಿದ್ದು ಸುಳ್ಳೋ?” ಅವನ ಮುಖದಲ್ಲಿ ತುಂಟತನವಿರಲಿಲ್ಲ. “ಎರಡೂ ನಿಜ, ಆಮೇಲೆ ಮಾತನಾಡೋಣ” ಎಂದು ಹೇಳಿ ಪ್ರಾರ್ಥನೆಗೆ ಎಲ್ಲರನ್ನೂ ಎಬ್ಬಿಸಿಬಿಟ್ಟೆ. ಆ “ಆಮೇಲೆ” ಇನ್ನೂ ಬಂದಿಲ್ಲ.

ಅದರ ಮುಂದಿನ ವಾರ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು, ಮನುಷ್ಯ ಮಂಗನಿಂದ ಬಂದ ಎಂದು ಕಲಿಸುವವರು ಮಕ್ಕಳ ಕೈ ಹಿಡಿದು ದೇವರಿಂದ ದೂರ ಕರೆದೊಯ್ಯುತ್ತಾರೆ ಎಂದರು. ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಸ್ವಲ್ಪ ಕಾಲ ಸಂಡೇ ಸ್ಕೂಲಿನಿಂದ ವಿಶ್ರಾಂತಿ ತೆಗೆದುಕೊಳ್ಳಮ್ಮ ಎಂದು ಮೆಲ್ಲಗೆ ಹೇಳಿದರು.

ಎರಡರಲ್ಲಿ ಒಂದನ್ನು ಬಿಡಿ ಎಂಬ ಸಲಹೆ ಬೇಡ. ಎರಡನ್ನೂ ಹಿಡಿದುಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ಹಿಡಿದುಕೊಂಡಿದ್ದೀರಿ?

ಹರಿಹರದವಳು:

ಮೇಡಂ, ನಮ್ಮ ಕಥೋಲಿಕರಲ್ಲಿ ಇದು ಯಾವತ್ತೋ ಬಗೆಹರಿದಿದೆ. ಪೋಪ್ ಎರಡನೆಯ ಜಾನ್ ಪಾಲ್ ಅವರು 1996ರಲ್ಲೇ ವಿಕಾಸವಾದ ಬರೀ ಒಂದು ಊಹೆಯಲ್ಲ, ಅದಕ್ಕಿಂತ ಹೆಚ್ಚಿನದು ಎಂದು ಹೇಳಿದ್ದಾರೆ. ಪೋಪ್ ಫ್ರಾನ್ಸಿಸ್ 2014ರಲ್ಲಿ, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದರು. ನಮ್ಮ ಆರೋಗ್ಯ ಮಾತೆಯ ದೇವಾಲಯದಲ್ಲಿ ಈ ವಿಷಯಕ್ಕೆ ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಸೆಮಿನರಿಯಲ್ಲಿ ಓದಿದವನು:

ಅಕ್ಕ, ಒಂದು ತಿದ್ದುಪಡಿ. “ಬಗೆಹರಿದಿದೆ” ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. 1950ರಲ್ಲಿ ಹನ್ನೆರಡನೆಯ ಪಿಯೂಸ್ ಪೋಪ್ ಅವರು ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಚರ್ಚಿಸಬಹುದು ಎಂದು ಬಾಗಿಲು ತೆರೆದರು. ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂಬುದನ್ನು ಬಿಟ್ಟುಕೊಡಲಿಲ್ಲ. ಮಾನವಕುಲ ಒಂದೇ ಜೋಡಿಯಿಂದಲ್ಲ, ಅನೇಕರಿಂದ ಬಂದಿತು ಎನ್ನುವ ಅಭಿಪ್ರಾಯವನ್ನು ಭಕ್ತರು ಅಪ್ಪಿಕೊಳ್ಳುವಂತಿಲ್ಲ ಎಂದೂ ಬರೆದರು. ಇವತ್ತಿನ ತಳಿವಿಜ್ಞಾನ ಹೇಳುವುದು ಅನೇಕರಿಂದ ಎಂದೇ. ಆ ಗಂಟು ಇನ್ನೂ ಹಾಗೆಯೇ ಇದೆ. ಅದನ್ನು ಮುಚ್ಚಿಟ್ಟು “ಪೋಪ್ ಒಪ್ಪಿದ್ದಾರೆ” ಎಂದರೆ ಆ ಹುಡುಗ ಮುಂದೊಂದು ದಿನ ತಾನೇ ಓದಿ ತಿಳಿದುಕೊಳ್ಳುತ್ತಾನೆ. ಆಗ ನಮ್ಮನ್ನು ನಂಬುವುದಿಲ್ಲ.

ಹರಿಹರದವಳು:

ಸರಿ ತಮ್ಮಾ, ಆ ಭಾಗ ನನಗೆ ತಿಳಿದಿರಲಿಲ್ಲ. ಆದರೂ ಬಾಗಿಲು ತೆರೆದದ್ದು ನಿಜ ತಾನೆ.

ವಾಕ್ಯದ ಬೆಳಕು:

ಪ್ರಭುವಿನ ನಾಮದಲ್ಲಿ ವಂದನೆಗಳು. ಸಹೋದರಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಆರು ದಿನ ಎಂದು ಬರೆದಿದೆ. ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು ಎಂದು ಪ್ರತಿ ದಿನದ ಕೊನೆಗೂ ಬರೆದಿದೆ. ಇದರಲ್ಲಿ ಅರ್ಥವಾಗದ್ದು ಏನಿದೆ? ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ನೋಡಿ: ಒಬ್ಬ ಮನುಷ್ಯನಿಂದ ಪಾಪವು ಲೋಕದೊಳಗೆ ಬಂದಿತು, ಪಾಪದಿಂದ ಮರಣ ಬಂದಿತು. ನಿಮ್ಮ ಪಾಠದ ಪ್ರಕಾರ ಆದಾಮನಿಗಿಂತ ಕೋಟ್ಯಂತರ ವರ್ಷ ಮೊದಲೇ ಜೀವಿಗಳು ಸಾಯುತ್ತಿದ್ದವು. ಹಾಗಾದರೆ ಮರಣ ಪಾಪದ ಸಂಬಳವಲ್ಲ. ಹಾಗಾದರೆ ಕ್ರಿಸ್ತನು ಶಿಲುಬೆಯ ಮೇಲೆ ಯಾವ ಸಾಲ ತೀರಿಸಿದನು?

ನಾನು ಕುಡಿತದಲ್ಲಿ ಮುಳುಗಿ ಮನೆ ಮಾರಿದವನು. ಈ ಪುಸ್ತಕದ ಮಾತನ್ನು ಇದ್ದ ಹಾಗೆ ನಂಬಿ ಎದ್ದು ನಿಂತವನು. ಮೊದಲ ಪುಟವೇ ನಿಜವಲ್ಲ ಎಂದರೆ, ನನ್ನನ್ನು ಎಬ್ಬಿಸಿದ ಪುಟ ಯಾವ ಲೆಕ್ಕಕ್ಕೆ ನಿಜ?

ಹೊಳಲ್ಕೆರೆ ವಿದ್ಯಾರ್ಥಿ:

ಮಿಸ್, ದಯವಿಟ್ಟು ಪಾಠ ಬಿಡಬೇಡಿ. ನೀಟ್ ಪರೀಕ್ಷೆಗೆ ಈ ಅಧ್ಯಾಯ ಬೇಕು.

ದುರ್ಗದ ಕಲ್ಲು:

ಭೂವಿಜ್ಞಾನದ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವನು, ಪ್ರತಿ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವನು.

ಟೀಚರಮ್ಮ, ಪುಸ್ತಕ ಮುಚ್ಚಿಟ್ಟು ಆ ಹುಡುಗನನ್ನು ಮರಡಿಹಳ್ಳಿಗೆ ಕರೆದುಕೊಂಡು ಬನ್ನಿ. ದುರ್ಗದಿಂದ ಹಿರಿಯೂರು ಕಡೆಗೆ ಹೋಗುವಾಗ ಸಿಗುತ್ತದೆ. ಅಲ್ಲಿನ ಬಂಡೆಗಳು ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಇವೆ. ಪಿಲ್ಲೋ ಲಾವಾ ಎನ್ನುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಕರಗಿದ ಲಾವಾ ನೀರಿನೊಳಗೆ ಉಕ್ಕಿದಾಗ ಮೇಲ್ಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಅದು ಉಬ್ಬಿ ದಿಂಬಿನ ಆಕಾರ ಬರುತ್ತದೆ. ಅಂದರೆ ಮಳೆಗಾಗಿ ಆಕಾಶ ನೋಡುವ ನಮ್ಮ ಈ ಬಯಲುಸೀಮೆ ಒಂದು ಕಾಲಕ್ಕೆ ನೀರಿನ ತಳದಲ್ಲಿತ್ತು. ಅದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಮಾತು. ಇದೇ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳೂ ಸಿಕ್ಕಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು ಅವು. ಅವುಗಳ ಮೇಲೆ ಬೆರಳಿಟ್ಟಾಗ ನನಗೆ ಮೈ ಜುಮ್ಮೆಂದಿದೆ. ಪ್ರಾರ್ಥನೆಯಲ್ಲಿ ಆಗುವ ಹಾಗೆಯೇ.

ವಾಕ್ಯದ ಬೆಳಕು:

ಹಿರಿಯರೇ, ದುರ್ಗ ನೀರಿನೊಳಗಿತ್ತು ಎಂದು ನೀವೇ ಹೇಳಿದಿರಿ. ನೋಹನ ಕಾಲದ ಜಲಪ್ರಳಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ದುರ್ಗದ ಕಲ್ಲು:

ತಮ್ಮಾ, ಈ ಪ್ರಶ್ನೆಯನ್ನು ನಾನೂ ಚಿಕ್ಕವನಿದ್ದಾಗ ಕೇಳಿದ್ದೆ. ನೋಹನ ಪ್ರಳಯ ಸುಮಾರು ಒಂದು ವರ್ಷದ ಕಥೆ. ಈ ಕಲ್ಲು ಹೇಳುವ ಕಥೆಯನ್ನು ಕೇಳು. ಮೊದಲು ಲಾವಾ ನೀರಿನೊಳಗೆ ಹರಿಯಿತು. ಅದರ ಮೇಲೆ ಹೂಳು ಕೂತು ಕಲ್ಲಾಯಿತು. ಆಮೇಲೆ ಎಲ್ಲವೂ ಭೂಮಿಯ ಒಳಗೆ ಇಳಿದು, ಬಿಸಿಗೆ ಮತ್ತು ಒತ್ತಡಕ್ಕೆ ರೂಪ ಬದಲಾಯಿಸಿ, ಬಟ್ಟೆಯ ಹಾಗೆ ಮಡಚಿಕೊಂಡಿತು. ಅದರೊಳಗೆ ಗ್ರಾನೈಟ್ ನುಗ್ಗಿ ತಣ್ಣಗಾಯಿತು. ಮತ್ತೆ ಮೇಲೆದ್ದು ಸವೆಯಿತು. ಇದಾವುದೂ ಒಂದು ವರ್ಷದಲ್ಲಿ ಆಗುವ ಕೆಲಸವಲ್ಲ. ಜಿರ್ಕಾನ್ ಎಂಬ ಹರಳಿನೊಳಗಿನ ಯುರೇನಿಯಂ ಸೀಸವಾಗುವ ಲೆಕ್ಕದಿಂದ ವಯಸ್ಸು ಹೇಳುತ್ತಾರೆ. ಯುರೇನಿಯಂ 238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಕಲ್ಲನ್ನೂ ದೇವರೇ ಮಾಡಿದ್ದಾನೆ ಎಂದು ನಂಬುವ ನಾವು, ಕಲ್ಲು ಸುಳ್ಳು ಹೇಳುತ್ತದೆ ಎಂದರೆ ಯಾರ ಮೇಲೆ ಸುಳ್ಳು ಹೊರಿಸಿದ ಹಾಗಾಯಿತು?

ಜಗಳೂರಿನ ರೈತ:

ನಾನು ಕ್ರೈಸ್ತನಲ್ಲ, ಆದರೂ ಓದಿ ಸುಮ್ಮನಿರಲಾಗಲಿಲ್ಲ. 2018ರಲ್ಲಿ ಸೈನಿಕ ಹುಳು ನಮ್ಮ ರಾಜ್ಯದ ಮೆಕ್ಕೆಜೋಳಕ್ಕೆ ಬಿದ್ದಿತು. ನಾನು ಮೊದಲು ಹೊಡೆದ ಔಷಧಿಗೆ ಹುಳು ಸುಳಿಯಲ್ಲೇ ಸತ್ತು ಬೀಳುತ್ತಿತ್ತು. ಈಗ ನನ್ನ ಹೊಲದಲ್ಲಿ ಅದೇ ಔಷಧಿಗೆ ಅದು ಜಗ್ಗುವುದಿಲ್ಲ. ಸಾಯದೆ ಉಳಿದವುಗಳ ಸಂತಾನವೇ ಹೊಲ ತುಂಬಿದೆ. ಅಷ್ಟೇ ಏಕೆ, ಮೆಕ್ಕೆಜೋಳವೂ ಹೀಗಿರಲಿಲ್ಲವಂತೆ. ಮೆಕ್ಸಿಕೋದ ಒಂದು ಕಾಡುಹುಲ್ಲನ್ನು ಅಲ್ಲಿನ ರೈತರು ಸುಮಾರು 9000 ವರ್ಷಗಳ ಹಿಂದಿನಿಂದ ಆರಿಸುತ್ತಾ ಆರಿಸುತ್ತಾ ಈ ತೆನೆ ಮಾಡಿದರು ಎಂದು ಕೃಷಿ ಅಧಿಕಾರಿಯೊಬ್ಬರು ಹೇಳಿದರು. ಜೀವ ಬದಲಾಗುತ್ತದೆ ಎಂಬುದಕ್ಕೆ ರೈತನಿಗೆ ಪುಸ್ತಕ ಬೇಡ.

ವಾಕ್ಯದ ಬೆಳಕು:

ಅಣ್ಣಾ, ಹುಳು ಹುಳುವಾಗಿಯೇ ಉಳಿದಿದೆಯಲ್ಲ. ಜಾತಿಯೊಳಗಿನ ಬದಲಾವಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮಂಗ ಮನುಷ್ಯನಾಗುವುದು ಬೇರೆ ಮಾತು.

ವಾರ್ಡಿನ ವೈದ್ಯ:

ಮಂಗ ಮನುಷ್ಯನಾಯಿತು ಎಂದು ಯಾವ ಜೀವವಿಜ್ಞಾನಿಯೂ ಹೇಳುವುದಿಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿದ್ದರು ಎನ್ನುತ್ತಾರೆ. ನಮ್ಮಿಬ್ಬರದು ಅಜ್ಜ ಮೊಮ್ಮಗನ ಸಂಬಂಧವಲ್ಲ, ದಾಯಾದಿ ಸಂಬಂಧ.

ಸಾಕ್ಷಿ ಬೇಕೆಂದರೆ ಎರಡು ಹೇಳುತ್ತೇನೆ. ನಾಯಿ, ಹಸು, ಇಲಿ ಇವೆಲ್ಲ ತಮ್ಮ ದೇಹದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತವೆ. ನಮ್ಮಲ್ಲಿಯೂ ಅದಕ್ಕೆ ಬೇಕಾದ ಜೀನ್ ಇದೆ, ಆದರೆ ಕೆಟ್ಟು ಕೂತಿದೆ. ಮಂಗಗಳಲ್ಲೂ ಚಿಂಪಾಂಜಿಯಲ್ಲೂ ಅದೇ ಜೀನ್ ಕೆಟ್ಟಿದೆ. ಎರಡನೆಯದು, ಚಿಂಪಾಂಜಿಗೆ 48 ವರ್ಣತಂತುಗಳು, ನಮಗೆ 46. ಉಳಿದ ಜೋಡಿ ಎಲ್ಲಿ ಹೋಯಿತು? ನಮ್ಮ ಎರಡನೆಯ ವರ್ಣತಂತುವಿನ ನಡುವೆ, ಸಾಮಾನ್ಯವಾಗಿ ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ಇದೆ. ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡ ಜಾಗ ಅದು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಇದನ್ನೆಲ್ಲ ಬಲ್ಲವರು, ಮತ್ತು ಅವರು ಕ್ರಿಸ್ತನನ್ನು ನಂಬುವವರು.

ಜೀವಶಾಸ್ತ್ರ ಟೀಚರ್, ದಾವಣಗೆರೆ:

ಡಾಕ್ಟರೇ, ಮೌಲ್ಯಮಾಪನಕ್ಕೆ ಕೂತವರಿಗೆ ಇದು ಬಹಳ ಬೇಗ ಅರ್ಥವಾಗುತ್ತದೆ. ಇಬ್ಬರು ಮಕ್ಕಳು ಒಂದೇ ಸರಿ ಉತ್ತರ ಬರೆದರೆ ನಮಗೆ ಅನುಮಾನ ಬರುವುದಿಲ್ಲ. ಇಬ್ಬರೂ ಒಂದೇ ಸಾಲಿನಲ್ಲಿ ಒಂದೇ ತಪ್ಪು ಬರೆದರೆ ಎರಡೂ ಒಂದೇ ಮೂಲದಿಂದ ಬಂದಿವೆ ಎಂದು ಗೊತ್ತಾಗುತ್ತದೆ. ತರಗತಿಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಸಂಡೇ ಸ್ಕೂಲಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ.

ಸಂತೇಬೆನ್ನೂರು:

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಿಂದ 2023ರಲ್ಲಿ ವಿಕಾಸದ ಭಾಗವನ್ನೇ ತೆಗೆದರಲ್ಲ. ಆ ಪುಸ್ತಕ ಓದಿ ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳದ ಮಕ್ಕಳು ವಿಕಾಸದ ಪಾಠವನ್ನೇ ಓದದೆ ಮುಗಿಸಬಹುದು. ದೇಶದ ಅನೇಕ ವಿಜ್ಞಾನಿಗಳು, ಶಿಕ್ಷಕರು ಆಗಲೇ ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿದರು.

ಹೊಳಲ್ಕೆರೆ ವಿದ್ಯಾರ್ಥಿ:

ನಿಜ. ನನ್ನ ತಂಗಿ ಕಲಾ ವಿಭಾಗ. ಅವಳಿಗೆ ಈ ಪಾಠವೇ ಇಲ್ಲ.

ಜಗಳೂರಿನ ರೈತ:

ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿದ್ದದ್ದು ನೆನಪಿದೆಯೇ? 1933ರ ನಂತರ ಅದೇ ಮೊದಲು, 89 ವರ್ಷ! ವೇದಾವತಿಯ ಮೇಲ್ಭಾಗದಲ್ಲಿ ಮಳೆ ಚೆನ್ನಾಗಿ ಆಯಿತು, ಭದ್ರಾ ನೀರೂ ಬಂದು ಸೇರಿತು ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೂ ಜನ ಸಾಲುಗಟ್ಟಿ ಹೋಗಿ ಕೈ ಮುಗಿದರು, ಬಾಗಿನ ಬಿಟ್ಟರು. ಬಾಗಿನ ಬಿಟ್ಟವರು ಮಳೆಯ ಲೆಕ್ಕವನ್ನು ಸುಳ್ಳೆನ್ನಲಿಲ್ಲ. ಮಳೆಯ ಲೆಕ್ಕ ಬರೆದವರು ಬಾಗಿನವನ್ನು ತಡೆಯಲಿಲ್ಲ. ನೀರು ಹೇಗೆ ಬಂದಿತು ಎನ್ನುವುದು ಒಂದು ಮಾತು, ಬಂದದ್ದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕು ಎನ್ನುವುದು ಇನ್ನೊಂದು. ನಿಮ್ಮ ಜಗಳ ನನಗೆ ಅಷ್ಟರ ಮಟ್ಟಿಗೆ ಅರ್ಥವಾಗುತ್ತಿಲ್ಲ.

ಹರಿಹರದವಳು:

ಆಹಾ, ಎಂಥ ಮಾತು ಹೇಳಿದಿರಿ! ನಾನೂ ಆ ದಿನ ಮಕ್ಕಳೊಂದಿಗೆ ಹೋಗಿದ್ದೆ. ಅಣೆಕಟ್ಟಿನ ಕೆಳಗೆ ವಾಹನ ನಿಲ್ಲಿಸಲು ಜಾಗವೇ ಇರಲಿಲ್ಲ, ಎರಡು ಕಿಲೋಮೀಟರ್ ನಡೆದೆವು.

ಸಂತೇಬೆನ್ನೂರು:

ನಾವು ಹೋದಾಗ ಪೊಲೀಸರು ಕೋಡಿಯ ಹತ್ತಿರ ಬಿಡಲಿಲ್ಲ.

ಸೆಮಿನರಿಯಲ್ಲಿ ಓದಿದವನು:

ರೈತರ ಮಾತನ್ನು ಬೈಬಲ್ಲಿನಿಂದಲೇ ಹೇಳಬಹುದು. 139ನೆಯ ಕೀರ್ತನೆಯಲ್ಲಿ ದಾವೀದನು, ತಾಯಿಯ ಗರ್ಭದಲ್ಲಿ ನೀನೇ ನನ್ನನ್ನು ರೂಪಿಸಿದಿ ಎಂದು ದೇವರಿಗೆ ಹೇಳುತ್ತಾನೆ. ಅದನ್ನು ಓದಿ ನಾವು ಯಾರೂ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ ಮಗುವಾಗುತ್ತದೆ ಎಂದು ಕಲಿಸುವವರನ್ನು ನಾಸ್ತಿಕರೆಂದು ಯಾರೂ ಕರೆದಿಲ್ಲ. ಒಂದು ಮಗು ಒಂಬತ್ತು ತಿಂಗಳಲ್ಲಿ ಹಂತಹಂತವಾಗಿ ರೂಪುಗೊಂಡರೆ ದೇವರ ಕೈಗೆ ಕುಂದಿಲ್ಲ. ಜೀವರಾಶಿ ಕೋಟಿಗಟ್ಟಲೆ ವರ್ಷಗಳಲ್ಲಿ ಹಂತಹಂತವಾಗಿ ರೂಪುಗೊಂಡರೆ ಮಾತ್ರ ಕುಂದು ಹೇಗೆ?

ಇನ್ನು ಸಹೋದರರು ಕೇಳಿದ ಮೊದಲ ಪುಟದ ವಿಷಯ. ಅದು ನಿಜವಲ್ಲ ಎಂದು ನಾನು ಹೇಳುವುದಿಲ್ಲ. ಅದು ಯಾವ ಬಗೆಯ ಬರಹ ಎಂದು ಕೇಳುತ್ತೇನೆ. ದೇವರು ನನ್ನ ಬಂಡೆ, ನನ್ನ ಕೋಟೆ ಎಂದು ಹದಿನೆಂಟನೆಯ ಕೀರ್ತನೆ ಹೇಳುತ್ತದೆ. ದುರ್ಗದವರಿಗಿಂತ ಚೆನ್ನಾಗಿ ಈ ಮಾತನ್ನು ಯಾರು ಬಲ್ಲರು? ಆದರೆ ಅದನ್ನು ಓದಿ ದೇವರು ಗ್ರಾನೈಟ್ ಎಂದು ಯಾರಾದರೂ ತಿಳಿದುಕೊಂಡರೇ? ಸೂರ್ಯನು ಉಂಟಾದದ್ದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳಿಗೆ ಸಾಯಂಕಾಲ ಎಲ್ಲಿಂದ ಬಂದಿತು? ಈ ಪ್ರಶ್ನೆ ಡಾರ್ವಿನ್ನನಿಗೆ ಹೆದರಿ ಕೇಳಿದ್ದಲ್ಲ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಕೇಳಿದ್ದು. ಸಂತ ಅಗಸ್ಟೀನರು ಆದಿಕಾಂಡದ ವ್ಯಾಖ್ಯಾನದಲ್ಲಿ, ಭೂಮಿ ಆಕಾಶಗಳ ಬಗ್ಗೆ ಅವಿಶ್ವಾಸಿಗಳಿಗೂ ಗೊತ್ತಿರುವ ಸಂಗತಿಗಳಲ್ಲಿ ಕ್ರೈಸ್ತರು ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತನಾಡಿದರೆ, ಪುನರುತ್ಥಾನದ ಬಗ್ಗೆ ನಾವು ಹೇಳುವುದನ್ನು ಅವರು ಹೇಗೆ ನಂಬುತ್ತಾರೆ ಎಂದು ಕಳವಳಪಟ್ಟಿದ್ದಾರೆ. ಟೀಚರಮ್ಮನ ಕಳವಳವೂ ಅದೇ ಅಲ್ಲವೇ?

ವಾಕ್ಯದ ಬೆಳಕು:

ಮರಣದ ಪ್ರಶ್ನೆಗೆ ನೀವು ಉತ್ತರಿಸಲಿಲ್ಲ, ಸಹೋದರರೇ. ಬಂಡೆಯ ಉಪಮೆ ಹೇಳಿ ದಾಟಿಬಿಟ್ಟಿರಿ.

ಸೆಮಿನರಿಯಲ್ಲಿ ಓದಿದವನು:

ನ್ಯಾಯವಾದ ಮಾತು. ನನಗೆ ತಿಳಿದಷ್ಟು ಹೇಳುತ್ತೇನೆ. ಹಣ್ಣು ತಿಂದ ದಿನವೇ ಸತ್ತೇ ಸಾಯುವಿ ಎಂದು ದೇವರು ಆದಾಮನಿಗೆ ಹೇಳಿದನು. ಆದರೆ ಐದನೆಯ ಅಧ್ಯಾಯದ ಪ್ರಕಾರ ಆದಾಮನು 930 ವರ್ಷ ಬದುಕಿದನು. ಹಾಗಾದರೆ ಆ ದಿನ ಸತ್ತದ್ದು ಏನು? ದೇವರಿಗೂ ಅವನಿಗೂ ಇದ್ದ ಸಂಬಂಧ. ರೋಮಾಪುರದವರಿಗೆ ಆ ಪತ್ರ ಬರೆದ ಪೌಲನು ಹೇಳುವ ಮರಣವನ್ನೂ ನಾನು ಮೊದಲು ಹಾಗೆಯೇ ಓದುತ್ತೇನೆ. ಶಿಲುಬೆ ತೀರಿಸಿದ್ದು ಆ ಸಾಲವನ್ನು. ಪ್ರಾಣಿಗಳ ಸಾವಿನ ಬಗ್ಗೆ ಕೇಳುವುದಾದರೆ, 104ನೆಯ ಕೀರ್ತನೆಯಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತಾ ದೇವರಿಂದ ಆಹಾರ ಕೇಳುತ್ತವೆ. ಅಲ್ಲಿ ಬೇಟೆಯನ್ನು ಶಾಪ ಎಂದು ಕರೆದಿಲ್ಲ.

ಆದಾಮನು ಒಬ್ಬ ವ್ಯಕ್ತಿಯೇ, ಅನೇಕರ ನಡುವೆ ದೇವರು ಕರೆದ ಒಬ್ಬನೇ, ಇಡೀ ಮನುಷ್ಯಕುಲದ ಹೆಸರೇ ಎಂಬುದರಲ್ಲಿ ವಿಶ್ವಾಸಿಗಳಲ್ಲೇ ಒಮ್ಮತವಿಲ್ಲ. ಹೀಬ್ರೂ ಭಾಷೆಯಲ್ಲಿ ಆದಾಮ್ ಎಂದರೆ ಮನುಷ್ಯ, ಅದಾಮಾ ಎಂದರೆ ಮಣ್ಣು. ಮಣ್ಣಿನಿಂದ ಬಂದ ಮಣ್ಣಿನ ಮಗ. ನನ್ನ ಮನಸ್ಸು ಎರಡನೆಯ ಓದಿನ ಕಡೆ ವಾಲುತ್ತದೆ, ಆದರೆ ಅದಕ್ಕಾಗಿ ಯಾರೊಂದಿಗೂ ಸಂಬಂಧ ಕಡಿದುಕೊಳ್ಳುವುದಿಲ್ಲ.

ವಾಕ್ಯದ ಬೆಳಕು:

ಆ ದಿನದಿಂದ ಸಾಯಲು ತೊಡಗಿದನು ಎಂದು ನಮ್ಮ ಸಭೆಯಲ್ಲಿ ಕಲಿಸುತ್ತಾರೆ. ಆದರೂ 930 ವರ್ಷದ ಮಾತನ್ನು ಯೋಚಿಸುತ್ತೇನೆ.

ಪ್ರಶ್ನಿಸುವವನು, ಚಿತ್ರದುರ್ಗ:

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿ, ಈಗ ದೇವರನ್ನು ನಂಬದವನು. ಎಲ್ಲರ ಮಾತಿನಲ್ಲೂ ಗೌರವವಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನೀವೆಲ್ಲ ಸುಲಭದ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ. ಆರು ದಿನವೋ ಕೋಟಿ ವರ್ಷವೋ ಎನ್ನುವುದು ದೊಡ್ಡದಲ್ಲ. ನೈಸರ್ಗಿಕ ಆಯ್ಕೆ ಎಂದರೆ ಏನು? ಹುಟ್ಟಿದವುಗಳಲ್ಲಿ ಹೆಚ್ಚಿನವು ಸಾಯಬೇಕು, ಕೆಲವು ಉಳಿಯಬೇಕು. ಡಾರ್ವಿನ್ 1860ರಲ್ಲಿ ತನ್ನ ಗೆಳೆಯ, ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಕಣಜ ಎಂಬ ಹುಳುವಿನ ಮಾತು ಬರುತ್ತದೆ. ಅದರ ಮರಿಗಳು ಬದುಕಿರುವ ಕಂಬಳಿಹುಳುವನ್ನು ಒಳಗಿನಿಂದ ತಿಂದು ಬೆಳೆಯುತ್ತವೆ. ದಯಾಳುವಾದ ದೇವರು ಇದನ್ನು ಬೇಕೆಂದೇ ಮಾಡಿದ ಎಂದು ನಂಬಲು ತನ್ನಿಂದ ಆಗುತ್ತಿಲ್ಲ ಎಂದು ಡಾರ್ವಿನ್ ಬರೆದ. ಅಷ್ಟು ಹೊತ್ತಿಗೆ ಅವನ ಮುದ್ದಿನ ಮಗಳು ಆ್ಯನಿ, ಹತ್ತು ವರ್ಷದವಳು, ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಗ್ರೇ ದೈವಭಕ್ತ. ಜೀವಿಗಳಲ್ಲಿ ಹುಟ್ಟುವ ಬದಲಾವಣೆಗಳನ್ನು ದೇವರೇ ಒಳ್ಳೆಯ ದಾರಿಯಲ್ಲಿ ನಡೆಸುತ್ತಾನೆ ಎಂದು ಅವನ ವಾದ. ಡಾರ್ವಿನ್ 1868ರಲ್ಲಿ ಅದಕ್ಕೆ ಉತ್ತರ ಕೊಟ್ಟ. ಒಬ್ಬ ಕಟ್ಟಡ ಕಟ್ಟುವವನು ಬೆಟ್ಟದಿಂದ ಉರುಳಿ ಬಿದ್ದ ಕಲ್ಲುಗಳನ್ನೇ ಆರಿಸಿ ಕಟ್ಟುತ್ತಾನೆ. ಆ ಕಲ್ಲುಗಳು ಅವನ ಕಟ್ಟಡಕ್ಕೆಂದೇ ಆ ಆಕಾರದಲ್ಲಿ ಒಡೆದವು ಎನ್ನಲು ಸಾಧ್ಯವೇ? ನಮ್ಮ ಏಳುಸುತ್ತಿನ ಕೋಟೆಯನ್ನು ನೋಡುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ದುರ್ಗದ ಕಲ್ಲು:

ನಿನ್ನ ಪ್ರಶ್ನೆ ದೊಡ್ಡದು ಮಗನೇ. ಪ್ರತಿ ಕಲ್ಲಿನ ಆಕಾರದಲ್ಲೂ ದೇವರ ಬೆರಳಚ್ಚು ಹುಡುಕುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಹಾಗೆ ಹುಡುಕುವವರು ಒಂದೊಂದೇ ಜಾಗ ಕಳೆದುಕೊಳ್ಳುತ್ತಾ ಬರುತ್ತಾರೆ. ಕಲ್ಲು ಎಂಬುದು ಇದೆ, ಅದು ಒಡೆಯಲು ಒಂದು ನಿಯಮ ಇದೆ, ಆ ನಿಯಮವನ್ನು ಕಾಣಬಲ್ಲ ಕಣ್ಣು ನನಗಿದೆ. ಇದೆಲ್ಲ ಇರುವುದೇ ನನಗೆ ಆಶ್ಚರ್ಯ. ಕಣಜದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಒಬ್ಬ ತಾಯಿ:

ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ಇದನ್ನು ಬರೆಯದೆ ಇರಲಾಗಲಿಲ್ಲ.

ನನ್ನ ಮಗನಿಗೆ ಡುಶೆನ್ ಎಂಬ ಸ್ನಾಯು ರೋಗ. ಐದು ವರ್ಷದವನಿದ್ದಾಗ ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರಿಕೊಳ್ಳಲು ಶುರು ಮಾಡಿದ. ಹನ್ನೊಂದಕ್ಕೆ ಗಾಲಿಕುರ್ಚಿ. ಕೂಟವೊಂದರಲ್ಲಿ ಪ್ರಾರ್ಥನೆಗೆ ಕರೆದೊಯ್ದೆ. ಮನೆಯಲ್ಲಿ ಅರಿಕೆ ಮಾಡದ ಪಾಪವೊಂದಿದೆ, ಅದನ್ನು ಹುಡುಕಿ ಎಂದರು. ಎರಡು ವರ್ಷ ಹುಡುಕಿದೆ. ನನ್ನ ಮದುವೆಗೆ ಮುಂಚಿನದು, ನನ್ನ ತಾಯಿಯದು, ನನ್ನ ಗಂಡನದು. ರಾತ್ರಿಯೆಲ್ಲ ಹುಡುಕಿದೆ.

ಆಮೇಲೆ ಒಬ್ಬ ವೈದ್ಯೆ ನನ್ನನ್ನೂ ಪರೀಕ್ಷೆ ಮಾಡಿಸಿ, ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ನನ್ನ ಜೀನ್ ಸರಿಯಾಗಿತ್ತು. ಮಗ ಉಂಟಾಗುವ ಹೊತ್ತಿಗೆ ಡಿಎನ್‌ಎ ನಕಲಾಗುವಾಗ ಒಂದು ತುಂಡು ಬಿಟ್ಟುಹೋಗಿದೆ. ಈ ರೋಗದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಹೀಗೆಯೇ ಹೊಸದಾಗಿ ಆಗುವುದು ಎಂದರು. ಯಾರು ಮಾಡಿದ್ದೂ ಅಲ್ಲ. ಪ್ರತಿ ಮಗುವಿನಲ್ಲೂ ಇಂಥ ಹೊಸ ಬದಲಾವಣೆಗಳು ಇರುತ್ತವೆ, ಬಹುಪಾಲು ಏನೂ ಮಾಡುವುದಿಲ್ಲ, ಕೆಲವು ಹೀಗೆ ಪೆಟ್ಟು ಕೊಡುತ್ತವೆ, ಇಂಥ ಬದಲಾವಣೆಗಳಿಂದಲೇ ಭೂಮಿಯ ಮೇಲಿನ ಜೀವಿಗಳೆಲ್ಲ ಬಗೆಬಗೆಯಾದವು ಎಂದರು. ಅವರು ನಂಬುವವರೋ ಅಲ್ಲವೋ ನಾನು ಕೇಳಲಿಲ್ಲ. ಮನೆಗೆ ಬಂದು ಯೋಹಾನನ ಒಂಬತ್ತನೆಯ ಅಧ್ಯಾಯ ತೆಗೆದೆ. ಇವನು ಕುರುಡನಾಗಿ ಹುಟ್ಟಲು ಯಾರು ಪಾಪ ಮಾಡಿದರು ಎಂದು ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಯೇಸು ಹೇಳುತ್ತಾನೆ. ಆ ವೈದ್ಯೆ ಹೇಳಿದ್ದೂ ಯೇಸು ಹೇಳಿದ್ದೂ ಒಂದೇ ಮಾತು. ಅಂದು ರಾತ್ರಿ ನಿದ್ದೆ ಬಂದಿತು.

ದೇವರು ಹೀಗೇಕೆ ಬಿಟ್ಟ ಎಂದು ಇವತ್ತಿಗೂ ಅವನನ್ನು ಕೇಳುತ್ತೇನೆ. ಆದರೆ ಟೀಚರ್, ನಿಮ್ಮ ಆ ಪಾಠ ನನ್ನನ್ನು ದೇವರಿಂದ ದೂರ ಮಾಡಲಿಲ್ಲ. ಕೂಟದಲ್ಲಿ ಹೇಳಿದ ಮಾತು ದೂರ ಮಾಡಿತ್ತು.

ಹರಿಹರದವಳು:

ಅಮ್ಮಾ, ನಿಮ್ಮ ಮಗನ ಹೆಸರಿನಲ್ಲಿ ಇವತ್ತು ಆರೋಗ್ಯ ಮಾತೆಯ ಮುಂದೆ ಮೊಂಬತ್ತಿ ಹಚ್ಚುತ್ತೇನೆ.

ವಾರ್ಡಿನ ವೈದ್ಯ:

ಉಸಿರಾಟದ ಮತ್ತು ಹೃದಯದ ತಪಾಸಣೆ ತಪ್ಪಿಸಬೇಡಿ ಅಕ್ಕ. ಏನಾದರೂ ಕೇಳುವುದಿದ್ದರೆ ಖಾಸಗಿ ಸಂದೇಶ ಕಳುಹಿಸಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.

ಪ್ರಶ್ನಿಸುವವನು, ಚಿತ್ರದುರ್ಗ:

ನನ್ನ ವಾದಕ್ಕೆ ಇದು ಉತ್ತರವೇ ಎಂದರೆ ಅಲ್ಲ. ಆದರೆ ನಿಮ್ಮ ಮುಂದೆ ನಾನು ಆ ವಾದವನ್ನು ಮುಂದುವರಿಸುವುದಿಲ್ಲ ತಾಯಿ.

ವಾಕ್ಯದ ಬೆಳಕು:

ತಾಯಿ, ನಿಮಗೆ ಹಾಗೆ ಹೇಳಿದವರು ನನ್ನಂಥ ಜನವೇ. ಅಂಥ ಮಾತನ್ನು ನಾನೂ ಒಬ್ಬರ ಮನೆಯಲ್ಲಿ, ಮಗುವನ್ನು ಕಳೆದುಕೊಂಡ ತಂದೆಯ ಮುಂದೆ ಹೇಳಿದ್ದೇನೆ. ಆಗ ದೇವರ ಪರವಾಗಿ ಮಾತನಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಾಳೆ ಅವರ ಮನೆಗೆ ಹೋಗುತ್ತೇನೆ.

ಆರು ದಿನದ ವಿಷಯದಲ್ಲಿ ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಟೀಚರ್ ಅವರನ್ನು ಸಂಡೇ ಸ್ಕೂಲಿನಿಂದ ದೂರವಿಡಬೇಕು ಎಂದು ಇನ್ನು ಹೇಳಲಾರೆ.

ಜೀವಶಾಸ್ತ್ರ ಟೀಚರ್, ದಾವಣಗೆರೆ:

ಮೂರು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ಇಂದು ಸಂಜೆ ಆ ಹುಡುಗನನ್ನೂ ಅವನ ತಾಯಿಯನ್ನೂ ಮನೆಗೆ ಕರೆದಿದ್ದೆ. ಮೊದಲು, ಅವತ್ತು ಉತ್ತರ ಕೊಡದೆ ತಪ್ಪಿಸಿಕೊಂಡದ್ದಕ್ಕೆ ಕ್ಷಮೆ ಕೇಳಿದೆ. ಆಮೇಲೆ ಆದಿಕಾಂಡ ಒಂದನೆಯ ಅಧ್ಯಾಯದ 24ನೆಯ ವಚನವನ್ನು ಅವನ ಕೈಯಲ್ಲೇ ಓದಿಸಿದೆ. ಜೀವಜಂತುಗಳನ್ನು ಭೂಮಿಯು ಹುಟ್ಟಿಸಲಿ ಎಂದು ದೇವರು ಹೇಳುವ ಮಾತು ಅದು. “ಇಲ್ಲಿ ಹುಟ್ಟಿಸುವುದು ಯಾರು?” ಎಂದು ಕೇಳಿದೆ. ಎರಡು ಸಲ ಓದಿಕೊಂಡು “ಭೂಮಿ” ಎಂದ. “ಮಾತು ಯಾರದು?” “ದೇವರದು.” ಶನಿವಾರ ನಾನು ಕಲಿಸುವುದು ಭೂಮಿ ಹೇಗೆ ಹುಟ್ಟಿಸಿತು ಎಂಬುದನ್ನು, ಭಾನುವಾರ ಕಲಿಸುವುದು ಮಾತು ಯಾರದು ಎಂಬುದನ್ನು ಎಂದೆ. ಆದಾಮನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ, ಕಣಜದ ಪ್ರಶ್ನೆ ಬಗೆಹರಿಯದೆಯೂ ಇರಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದನ್ನು ಇಷ್ಟು ವರ್ಷ ಭಾನುವಾರ ಏಕೆ ಹೇಳಲಿಲ್ಲ ಮಿಸ್?” ಎಂದ. “ಹೆದರಿದ್ದೆ” ಎಂದೆ.

ಸಭಾಪಾಲಕರೊಂದಿಗೂ ಮಾತನಾಡಿದ್ದೇನೆ. ಮುಂದಿನ ತಿಂಗಳು ಯೌವನಸ್ಥರ ತರಗತಿಯನ್ನು ಮತ್ತೆ ನಾನೇ ತೆಗೆದುಕೊಳ್ಳಬಹುದು ಎಂದಿದ್ದಾರೆ. ಆದರೆ ಈ ವಿಷಯದ ದಿನ ತಾವೂ ಬಂದು ಕೂರುತ್ತಾರಂತೆ. ಬರಲಿ, ನನಗೆ ಸಂತೋಷ. ಹಿರಿಯರೇ, ಮರಡಿಹಳ್ಳಿಗೆ ಹನ್ನೆರಡು ಮಕ್ಕಳನ್ನು ಕರೆದುಕೊಂಡು ಬಂದರೆ ನಿಮಗೆ ತೊಂದರೆಯಾಗುವುದಿಲ್ಲವೇ?

ದುರ್ಗದ ಕಲ್ಲು:

ತೊಂದರೆಯೇ! ಎರಡನೆಯ ಶನಿವಾರ ಬನ್ನಿ. ದುರ್ಗದ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಏಳಕ್ಕೆ ನಿಂತಿರುತ್ತೇನೆ, ಬಿಸಿಲೇರುವ ಮೊದಲು ನೋಡಿ ಮುಗಿಸಬೇಕು. ಟೊಪ್ಪಿ, ನೀರು, ಗಟ್ಟಿ ಚಪ್ಪಲಿ ಇರಲಿ. ಯಾರೂ ಸುತ್ತಿಗೆ ತರಬಾರದು, ಅದು ಸಂರಕ್ಷಿತ ಜಾಗ, ಒಂದು ಚೂರನ್ನೂ ಒಡೆಯುವಂತಿಲ್ಲ.

ಜಗಳೂರಿನ ರೈತ:

ಮಕ್ಕಳಿಗೆ ಬೇಯಿಸಿದ ಮೆಕ್ಕೆಜೋಳ ನನ್ನ ಕಡೆಯಿಂದ.

ವಾಕ್ಯದ ಬೆಳಕು:

ನಾನೂ ಬರಬಹುದೇ ಹಿರಿಯರೇ? ನನ್ನ ಬೈಬಲ್ ತರುತ್ತೇನೆ.

ದುರ್ಗದ ಕಲ್ಲು:

ಬಾ ತಮ್ಮಾ. ನಾನೂ ತರುತ್ತೇನೆ.